ಬೋಗಿಗೆ ಹೊಯ್ಸಳರ ಹೆಸರು, ಹೊಯ್ಸಳ ನಾಡಿನವರಿಗೆ ಬಾಗಿಲ ಮೆಟ್ಟಿಲು

ಸುವರ್ಣ ರಥ ಮತ್ತೆ ಹಳಿಗಿಳಿಯಿತು ಅಂದರೆ ಸಾಕು, ನಮ್ಮ ಪತ್ರಿಕೆಗಳಿಗೂ ಟಿವಿಗಳಿಗೂ ಹಬ್ಬ. ನೇರಳೆ ಬಣ್ಣದ ಬೋಗಿಯ ಚಿತ್ರ, ಬಿಳಿ ಹಾಸಿಗೆಯ ಚಿತ್ರ, ಬಾಗಿಲಲ್ಲಿ ಪೇಟ ಸುತ್ತಿ ಕೈಮುಗಿದು ನಿಂತವರ ಚಿತ್ರ. ಅದರ ಕೆಳಗೆ ಜಿಮ್ ಇದೆ, ಸ್ಪಾ ಇದೆ, ಬಾರ್ ಇದೆ, ವೈಫೈ ಇದೆ ಎಂಬ ಪಟ್ಟಿ. ಕೊನೆಗೆ, ಇದು ಕರ್ನಾಟಕದ ಪರಂಪರೆಯನ್ನು ಜಗತ್ತಿಗೆ ತೋರಿಸುವ ರೈಲು ಎಂಬ ಧಾಟಿಯ ಒಂದು ಸಾಲು. ಪ್ರಕಟಣೆ ಬರೆದವರೂ ಅದನ್ನೇ ಬರೆದಿರುತ್ತಾರೆ, ವರದಿ ಬರೆದವರೂ ಅದನ್ನೇ ಬರೆದಿರುತ್ತಾರೆ. ಪತ್ರಿಕೋದ್ಯಮದ ತರಗತಿಯಲ್ಲಿ ಮೊದಲ ವಾರ ಹೇಳಿಕೊಡುವ ಪಾಠ ಸುದ್ದಿ ಬೇರೆ, ಜಾಹೀರಾತು ಬೇರೆ ಎಂಬುದು. ಈ ರೈಲಿನ ವಿಷಯಕ್ಕೆ ಬಂದರೆ ಆ ಪಾಠವನ್ನು ಯಾರೂ ನೆನಪಿಟ್ಟುಕೊಂಡಂತೆ ಕಾಣುವುದಿಲ್ಲ.

ಮೊದಲೇ ಹೇಳಿಬಿಡುತ್ತೇವೆ: ಸುವರ್ಣ ರಥ ಹತ್ತುವವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ದುಡ್ಡಿದ್ದವರು ತಮ್ಮ ದುಡ್ಡಿನಲ್ಲಿ ಸುಖವಾಗಿ ತಿರುಗಾಡಲಿ, ಬೇಲೂರಿನ ಶಿಲಾಬಾಲಿಕೆಯರನ್ನು ಕಣ್ತುಂಬಾ ನೋಡಲಿ, ಅವರಿಗೆ ಒಳ್ಳೆಯದಾಗಲಿ. ನಮ್ಮ ತಕರಾರು ಬೇರೆ. ರಾಜ್ಯ ಸರ್ಕಾರದ್ದೊಂದು, ಕೇಂದ್ರದ್ದೊಂದು, ಎರಡು ಸಾರ್ವಜನಿಕ ಸಂಸ್ಥೆಗಳು ಸೇರಿ ನಡೆಸುವ ಈ ರೈಲಿಗೆ ‘ನಮ್ಮ ಪರಂಪರೆ’ ಎಂದು ಹೆಸರು ಕೊಟ್ಟಿದ್ದಾರಲ್ಲ, ಅದರ ಬಗ್ಗೆ. ಆ ಪರಂಪರೆಯ ನೆಲದ ಮೇಲೇ ಮನೆ ಕಟ್ಟಿಕೊಂಡು ಬದುಕುತ್ತಿರುವ ಹಾಸನದ ಕಡೆಯ ಜನಕ್ಕೆ ಇದೇ ಹಳಿಯ ಮೇಲೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು ಎಂಬ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ ಎಂಬುದರ ಬಗ್ಗೆ.

ರಥದ ಒಳಗೆ ಏನಿದೆ

ನ್ಯಾಯವಾಗಿ ಮಾತಾಡಬೇಕಾದರೆ ಮೊದಲು ರೈಲಿನ ಕಥೆ ಗೊತ್ತಿರಬೇಕು. ರಾಜಸ್ಥಾನದಲ್ಲಿ 1982ರಲ್ಲೇ ‘ಪ್ಯಾಲೇಸ್ ಆನ್ ವೀಲ್ಸ್’ ಶುರುವಾಗಿತ್ತು. ಮಹಾರಾಷ್ಟ್ರದವರು 2004ರಲ್ಲಿ ‘ಡೆಕ್ಕನ್ ಒಡಿಸ್ಸಿ’ ತಂದರು. ನಮ್ಮಲ್ಲೂ ಒಂದಿರಲಿ ಎಂದು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ರೈಲ್ವೆ ಇಲಾಖೆಯ ಜೊತೆ ಕೈಜೋಡಿಸಿತು. 2008ರ ಆರಂಭದಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಯಶವಂತಪುರದಲ್ಲಿ ಹಸಿರು ಬಾವುಟ ತೋರಿಸಿದರು. ಮಾರ್ಚ್ 10ರಿಂದ ಪ್ರಯಾಣಿಕರ ಓಡಾಟ ಶುರುವಾಯಿತು. ಬೆಂಗಳೂರಿನಿಂದ ಹೊರಟು ಕಬಿನಿ, ಮೈಸೂರು, ಹಾಸನ, ಹೊಸಪೇಟೆ, ಬಾದಾಮಿ, ಗೋವಾ ಸುತ್ತಿ ಮತ್ತೆ ಬೆಂಗಳೂರು. ಹಾಸನದಲ್ಲಿ ಇಳಿದವರನ್ನು ಶ್ರವಣಬೆಳಗೊಳ, ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿ ಬರುವುದು ಮೊದಲಿನ ಕಾರ್ಯಕ್ರಮ.

ಹೆಸರು ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದ ಕಲ್ಲಿನ ರಥದ್ದು. ಆ ರಥದ ಚಿತ್ರ ಈಗ ಐವತ್ತು ರೂಪಾಯಿ ನೋಟಿನ ಮೇಲಿದೆ, ಹಾಗಾಗಿ ಬಡವರ ಜೇಬಿನಲ್ಲೂ ಅದರ ಒಂದು ಪ್ರತಿ ಇರುತ್ತದೆ. ಶುರುವಿನಲ್ಲಿ ರೈಲಿನಲ್ಲಿ ಒಟ್ಟು 19 ಬೋಗಿ ಇದ್ದವು. ಅದರಲ್ಲಿ ಮಲಗುವ ಬೋಗಿ 11. ಅವುಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ, ಗಂಗ, ಚಾಲುಕ್ಯ, ಬಹಮನಿ, ಆದಿಲ್‌ಶಾಹಿ, ಸಂಗಮ, ಶಾತವಾಹನ, ಯದುಕುಲ, ವಿಜಯನಗರ ಎಂದು ನಾಡನ್ನಾಳಿದ ಮನೆತನಗಳ ಹೆಸರು. 11 ಬೋಗಿಯಲ್ಲಿ 44 ಕೋಣೆ ಇದ್ದವು. ಪ್ರತಿ ಕೋಣೆಗೂ ಎಸಿ, ಸ್ನಾನದ ಮನೆ, ಬಟ್ಟೆ ಬೀರು, ಬರೆಯುವ ಮೇಜು. ‘ನಳ’ ಮತ್ತು ‘ರುಚಿ’ ಎಂಬ ಎರಡು ಊಟದ ಬೋಗಿ, ‘ಮದಿರಾ’ ಎಂಬ ಬಾರು, ‘ಆರೋಗ್ಯ’ ಎಂಬ ಆಯುರ್ವೇದದ ಸ್ಪಾ ಮತ್ತು ವ್ಯಾಯಾಮದ ಬೋಗಿ, ಸಭೆ ನಡೆಸಲು ಇನ್ನೊಂದು. 2013ರಲ್ಲಿ ಏಷ್ಯಾದ ಪ್ರಮುಖ ಐಷಾರಾಮಿ ರೈಲು ಎಂಬ ಪ್ರಶಸ್ತಿಯೂ ಬಂತು.

ಪ್ರಶಸ್ತಿ ಬಂದರೂ ಪ್ರಯಾಣಿಕರು ಸಾಲಲಿಲ್ಲ. 2018ರ ಹೊತ್ತಿಗೆ ನಷ್ಟ ತಾಳಲಾರದೆ ರಥ ನಿಂತಿತು. ಹಂಪಿಯ ರಥ ಓಡುವುದಿಲ್ಲ, ಅದರ ಹೆಸರಿಟ್ಟುಕೊಂಡ ಇದೂ ಓಡದಾಯಿತು. 2019ರಲ್ಲಿ ನಿಗಮವು ನಡೆಸುವ ಹೊಣೆಯನ್ನು ರೈಲ್ವೆಯ ಐಆರ್‌ಸಿಟಿಸಿಗೆ ವಹಿಸುವ ಒಪ್ಪಂದ ಮಾಡಿಕೊಂಡಿತು. ಕೋಣೆ, ಪೀಠೋಪಕರಣ, ಬಚ್ಚಲು ಎಲ್ಲ ಹೊಸದಾದವು. ಕೋವಿಡ್ ಅಡ್ಡ ಬಂತು. ಕೊನೆಗೆ 2024ರ ಡಿಸೆಂಬರ್ 14ರಿಂದ ಮತ್ತೆ ಹೊರಟಿತು. ಐದು ರಾತ್ರಿ, ಆರು ಹಗಲಿನ ‘ಪ್ರೈಡ್ ಆಫ್ ಕರ್ನಾಟಕ’ ಪ್ರವಾಸಕ್ಕೆ ಪ್ರಕಟವಾದ ದರ 4,00,530 ರೂಪಾಯಿ, ಅದರ ಮೇಲೆ ಶೇ. 5 ಜಿಎಸ್‌ಟಿ. ಈಗಿನ ದಾರಿಯಲ್ಲಿ ಹಳೇಬೀಡೂ ಇದೆ, ಚಿಕ್ಕಮಗಳೂರೂ ಇದೆ.

ಸ್ವಲ್ಪ ಲೆಕ್ಕ ಮಾಡೋಣ

11 ಬೋಗಿಗೆ 44 ಕೋಣೆ ಅಂದರೆ ಒಂದು ಬೋಗಿಗೆ ನಾಲ್ಕು. ಕೋಣೆಗೆ ಇಬ್ಬರು. ಒಂದು ಬೋಗಿಯಲ್ಲಿ ಎಂಟು ಜನ. ಹಳೆಯ ಮಾದರಿಯ ಒಂದು ಜನರಲ್ ಬೋಗಿಯಲ್ಲಿ ಸುಮಾರು 90 ಸೀಟು. ಹಬ್ಬದ ಹಿಂದಿನ ದಿನ ಅದರಲ್ಲಿ ಎಷ್ಟು ಜನ ಇರುತ್ತಾರೆ ಎಂದು ಹಾಸನ, ಹೊಳೆನರಸೀಪುರದ ಕಡೆಯವರಿಗೆ ನಾವು ಹೇಳಬೇಕಾಗಿಲ್ಲ. ಸೀಟಿಗೆ ನಾಲ್ವರು, ಮೇಲೆ ಲಗೇಜ್ ಇಡುವ ಜಾಗದಲ್ಲಿ ಇಬ್ಬರು, ಬಾಗಿಲ ಮೆಟ್ಟಿಲ ಮೇಲೆ ಇಬ್ಬರು, ಕಕ್ಕಸಿನ ಮುಂದೆ ಮಗು ಎತ್ತಿಕೊಂಡ ತಾಯಿ.

ಇನ್ನೊಂದು ಲೆಕ್ಕ. ತೆರಿಗೆ ಸೇರಿ ಒಂದು ಟಿಕೆಟ್ಟಿಗೆ 4,20,000 ರೂಪಾಯಿ ದಾಟುತ್ತದೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಮನೆಗೆ ವರ್ಷದಲ್ಲಿ ನೂರು ದಿನ ಪೂರ್ತಿ ಕೆಲಸ ಸಿಕ್ಕರೂ ಆ ಮೊತ್ತ ಮುಟ್ಟಲು ಹನ್ನೊಂದು ವರ್ಷ ಸಾಲುವುದಿಲ್ಲ. ಇದನ್ನು ಕೇಳಿ ಕೆಲವರು, ಸಾವುಕಾರರ ಖರ್ಚನ್ನು ಕೂಲಿಯವರ ಸಂಬಳಕ್ಕೆ ಹೋಲಿಸುವುದು ಅಗ್ಗದ ಮಾತು ಅನ್ನುತ್ತಾರೆ. ಒಪ್ಪುತ್ತೇವೆ. ಖಾಸಗಿ ಹೋಟೆಲಿನ ಬಿಲ್ಲಿಗೆ ನಾವು ಈ ಹೋಲಿಕೆ ತರುತ್ತಿರಲಿಲ್ಲ. ಹಳಿ ಸಾರ್ವಜನಿಕರದ್ದು, ಎಂಜಿನ್ ಸಾರ್ವಜನಿಕರದ್ದು, ನಿಲ್ದಾಣ ಸಾರ್ವಜನಿಕರದ್ದು, ನಿಗಮ ಸಾರ್ವಜನಿಕರದ್ದು, ನಷ್ಟವಾದರೆ ಅದೂ ಸಾರ್ವಜನಿಕರದ್ದೇ. ಆದ್ದರಿಂದ ಕೇಳುವ ಹಕ್ಕು ಇದೆ.

ರಥ ಬಂದಾಗ ನಮ್ಮೂರಿನ ರೈಲು ಎಲ್ಲಿತ್ತು

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಘಟ್ಟ ಕೊರೆದು ಮಾಡಿದ 57 ಸುರಂಗಗಳ ದಾರಿ ಅದು. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಜನ ಕೂರುವ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಹಾಸನದವರು, ಸಕಲೇಶಪುರದವರು ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದರೆ ಶಿರಾಡಿ ಘಾಟಿಯ ಗುಂಡಿಗಳಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋದರು. ಅದಿರಿನ ಗಾಡಿಗೆ ಸಿಕ್ಕ ಹಳಿ ರೋಗಿಗೆ ಸಿಗಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಜನರ ರೈಲು ಬಂದು ಎರಡೇ ತಿಂಗಳಿಗೆ ಸುವರ್ಣ ರಥಕ್ಕೆ ಬಾವುಟ ತೋರಿಸಿದ್ದು.

ಹಾಸನ–ಬೆಂಗಳೂರು ನೇರ ಹಳಿಯ ಕಥೆ ಇನ್ನೂ ಉದ್ದ. ನೆಲಮಂಗಲ, ಕುಣಿಗಲ್, ಯಡಿಯೂರು, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಬರುವ ಈ ಹಳಿಗೆ ಮಂಜೂರಾತಿ ಸಿಕ್ಕಿದ್ದು 1996-97ರಲ್ಲಿ, ನಮ್ಮ ಜಿಲ್ಲೆಯವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ. ಹಾಸನದಿಂದ ಶ್ರವಣಬೆಳಗೊಳದವರೆಗಿನ ತುಂಡು 2006ರ ಮಹಾಮಸ್ತಕಾಭಿಷೇಕದ ವರ್ಷ ಮುಗಿಯಿತು. ಪೂರ್ತಿ ಹಳಿಯ ಮೇಲೆ ಯಶವಂತಪುರಕ್ಕೆ ರೈಲು ಹೊರಟಿದ್ದು 2017ರ ಮಾರ್ಚ್ 26ರಂದು. ಇಪ್ಪತ್ತು ವರ್ಷ. ಮಂಜೂರಾದ ವರ್ಷ ಹುಟ್ಟಿದ ಮಗು ಡಿಗ್ರಿ ಓದುವಷ್ಟು ದೊಡ್ಡದಾಗಿತ್ತು.

ಈ ಹಳಿ ನಮ್ಮ ಶಾಂತಿಗ್ರಾಮದ ಮೇಲೇ ಹೋಗುತ್ತದೆ. 2008ರಲ್ಲಿ ಸುವರ್ಣ ರಥ ಹಾಸನಕ್ಕೆ ಬಂದು ನಿಂತಾಗ ಶಾಂತಿಗ್ರಾಮದವರಾಗಲಿ ಚನ್ನರಾಯಪಟ್ಟಣದವರಾಗಲಿ ರೈಲು ಹತ್ತಿ ನೇರವಾಗಿ ಬೆಂಗಳೂರು ಸೇರುವಂತಿರಲಿಲ್ಲ. ಹಳಿ ಅರ್ಧ ದಾರಿಗೆ ಬಂದು ಕೈಚಾಚಿ ನಿಂತಿತ್ತು. ಹಾಸನದವರು ರೈಲಿನಲ್ಲೇ ಹೋಗುತ್ತೇವೆಂದರೆ ಅರಸೀಕೆರೆ ಸುತ್ತಬೇಕಿತ್ತು, ಇಲ್ಲವೇ ಮೈಸೂರು. ಲಂಡನ್ನಿನಿಂದ ಬಂದವರಿಗೆ ಹೊಯ್ಸಳ ನಾಡಿಗೆ ರೈಲಿತ್ತು. ಹೊಯ್ಸಳ ನಾಡಿನವರಿಗೆ ತಮ್ಮ ರಾಜಧಾನಿಗೆ ನೇರ ರೈಲಿರಲಿಲ್ಲ. ಈ ಒಂದು ವಾಕ್ಯ 2008ರ ಸಂಭ್ರಮದಲ್ಲಿ ತಲೆಬರಹವಾಗಬೇಕಿತ್ತು.

ಈಗಲೂ ಬೇಲೂರಿಗೆ ರೈಲಿಲ್ಲ. ಅರಕಲಗೂಡಿಗೆ ರೈಲಿಲ್ಲ. ಬೇಲೂರಿನ ಮೇಲೆ ಹಳಿ ತರುವ ಮಾತು ಕಡತದಿಂದ ಕಡತಕ್ಕೆ, ಬಜೆಟ್ಟಿನಿಂದ ಬಜೆಟ್ಟಿಗೆ ಹೋಗುತ್ತಲೇ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿ ಸೇರಿದ ಊರಿಗೆ ಹಳಿ ಸೇರಲಿಲ್ಲ.

ಯಾರ ಪರಂಪರೆ

ಹನ್ನೊಂದು ಬೋಗಿಗೂ ಅರಸರ ಮನೆತನದ ಹೆಸರು. ಇಟ್ಟದ್ದು ತಪ್ಪಲ್ಲ. ಆದರೆ ಹೊಯ್ಸಳರ ಬಗ್ಗೆ ಓದಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಆ ಕಾಲದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಪೀಠದ ಮೇಲೆ ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಆಮೇಲಿನ ಕಾಲದ ಮಲ್ಲಿತಮ್ಮ, ಇವರೆಲ್ಲ ನಮಗೆ ಗೊತ್ತಿರುವುದು ಆ ಸಹಿಗಳಿಂದ. ಒಂಬತ್ತು ನೂರು ವರ್ಷದ ಹಿಂದೆ ಕೆಲಸಗಾರ ತನ್ನ ಹೆಸರು ಬರೆದುಕೊಳ್ಳಲು ಅಡ್ಡಿ ಇರಲಿಲ್ಲ. ಪ್ರಜಾಪ್ರಭುತ್ವದ ಸರ್ಕಾರ ಮಾಡಿದ ರೈಲಿನಲ್ಲಿ ದಾಸೋಜನಿಗೆ ಒಂದು ಬೋಗಿ ಸಿಗಲಿಲ್ಲ.

ಹಳಿಯ ಪರಂಪರೆಯನ್ನೇ ತೆಗೆದುಕೊಳ್ಳಿ. ಸುವರ್ಣ ರಥ ಬೆಂಗಳೂರಿನಿಂದ ಮೈಸೂರಿನ ಕಡೆಗೆ ಓಡುವ ದಾರಿ 1882ರಲ್ಲಿ ಮುಗಿದದ್ದು. 1876ರಿಂದ 78ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ಬರದ ಪರಿಹಾರದ ಕೆಲಸವಾಗಿ, ಹಸಿದವರ ಕೈಯಲ್ಲಿ ಮಣ್ಣು ಹೊರಿಸಿ ಕಟ್ಟಿಸಲು ಶುರು ಮಾಡಿದ ಹಳಿ ಅದು. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಹಳಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಯೋಜನೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದರೆ 1899ರ ಮಹಾರಾಣಿ ಸಲೂನ್ ನೋಡಬಹುದು, ಅಡುಗೆಮನೆ, ಊಟದ ಮನೆ ಸಮೇತ. ಅರಮನೆಯವರು ರೈಲಿನಲ್ಲಿ ಹೇಗೆ ಮಲಗುತ್ತಿದ್ದರು ಎಂಬುದನ್ನು ನಾವು ಕಾಪಾಡಿಕೊಂಡಿದ್ದೇವೆ. ಆ ಹಳಿಗೆ ಮಣ್ಣು ಹೊತ್ತವರು ಯಾರು, ಯಾವ ಊರಿನವರು ಎಂಬುದನ್ನು ಕಾಪಾಡಿಕೊಂಡಿಲ್ಲ. ಪರಂಪರೆ ತೋರಿಸುತ್ತೇವೆ ಎನ್ನುವ ರೈಲು, ತನ್ನ ಚಕ್ರದ ಕೆಳಗಿನ ಪರಂಪರೆಯ ಬಗ್ಗೆ ಒಂದು ಫಲಕವನ್ನಾದರೂ ಹಾಕಬಹುದಿತ್ತು.

ಊರಿನ ಮಾತಿಗೆ ಬರುತ್ತೇವೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರಿನಿಂದಲೇ ಶಾಂತಿಗ್ರಾಮಕ್ಕೆ ಆ ಹೆಸರು ಬಂತು ಎನ್ನುತ್ತಾರೆ. ಬೇಲೂರಿನಲ್ಲಿ ಕಪ್ಪೆ ಚನ್ನಿಗರಾಯನ ಗುಡಿ ಕಟ್ಟಿಸಿದವಳು, ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು ಅವಳೇ. ಇಲ್ಲಿ ಹೊಯ್ಸಳರ ಕಾಲದ ಭೋಗನರಸಿಂಹನ ಗುಡಿ ಇದೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ದಿನಾ ಸಾವಿರಾರು ಕಾರುಗಳು ಊರಿನ ಪಕ್ಕದಲ್ಲೇ ಹೋಗುತ್ತವೆ. ಅವರಿಗೆ ಶಾಂತಿಗ್ರಾಮ ಅಂದರೆ ಟೋಲ್ ಗೇಟು, ಅಷ್ಟೆ. ಫಾಸ್ಟ್‌ಟ್ಯಾಗ್‌ನ ಮೆಸೇಜಿನಲ್ಲಿ ಮಾತ್ರ ಶಾಂತಲೆಯ ಊರಿನ ಹೆಸರು ಬರುತ್ತದೆ.

ಹಾಸನ ತಾಲ್ಲೂಕಿನಲ್ಲೇ ಕೋರವಂಗಲದ ಬೂಚೇಶ್ವರ ಇದೆ, 1173ರ ಕಾಲದ್ದು. ಮೊಸಳೆಯ ಜೋಡಿ ಗುಡಿಗಳಿವೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಇದೆ, ಬೇಲೂರಿನ ದೇವಸ್ಥಾನಕ್ಕಿಂತಲೂ ಮೊದಲಿನದು, ಒಬ್ಬ ವ್ಯಾಪಾರಿ ಕಟ್ಟಿಸಿದ್ದು. ಆ ಗುಡಿಯ ಕಾಳಿ ವಿಗ್ರಹ 2020ರ ನವೆಂಬರ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಸಿಕ್ಕಿತು. ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಕಥೆ ಇದು. ಜನ ನಾಲ್ಕು ದಿನ ಸಿಟ್ಟಾದರು, ಆಮೇಲೆ ಸುದ್ದಿ ಸತ್ತಿತು. ಪರಂಪರೆ ಉಳಿಯುವುದು ಅದರ ಸುತ್ತ ಜನ ಓಡಾಡಿದರೆ, ಊರಿನವರಿಗೆ ಅದರಿಂದ ನಾಲ್ಕು ಕಾಸು ಹುಟ್ಟಿದರೆ, ಕಾವಲಿಗೆ ಒಬ್ಬರಿದ್ದರೆ. ನಾಲ್ಕು ಲಕ್ಷದ ಟಿಕೆಟ್ಟಿನವರು ವರ್ಷಕ್ಕೆ ಕೆಲವು ಸಲ ಬೇಲೂರು–ಹಳೇಬೀಡು ಮುಟ್ಟಿ ಹೋದರೆ ದೊಡ್ಡಗದ್ದವಳ್ಳಿಯ ಬೀಗ ಗಟ್ಟಿಯಾಗುವುದಿಲ್ಲ.

‘ಪ್ರವಾಸೋದ್ಯಮ ಬೆಳೆಯುತ್ತದೆ’ ಎನ್ನುವವರಿಗೆ

ಇದಕ್ಕೆ ಉತ್ತರವಾಗಿ ಮೂರು ಮಾತು ಬರುತ್ತವೆ. ಮೂರನ್ನೂ ನೋಡೋಣ.

ಮೊದಲನೆಯದು, ವಿದೇಶಿಯರು ಬರುತ್ತಾರೆ, ಊರಿಗೆ ದುಡ್ಡು ಬರುತ್ತದೆ. ಬರುತ್ತದೆಯೇ? ಈ ರೈಲಿನ ಪ್ರವಾಸಿ ಮಲಗುವುದು ರೈಲಿನಲ್ಲಿ, ಕುಡಿಯುವುದು ರೈಲಿನಲ್ಲಿ, ಹೆಚ್ಚಿನ ಊಟ ರೈಲಿನಲ್ಲಿ. ಗೈಡಿನ ಖರ್ಚು, ಸ್ಮಾರಕದ ಪ್ರವೇಶ ಶುಲ್ಕ ಎಲ್ಲ ಟಿಕೆಟ್ಟಿನೊಳಗೇ ಸೇರಿದೆ. ಎಸಿ ಬಸ್ಸಿನಲ್ಲಿ ಬಂದು, ಎರಡು ಗಂಟೆ ನೋಡಿ, ಎಸಿ ಬಸ್ಸಿನಲ್ಲೇ ವಾಪಸ್. ಹಳೇಬೀಡಿನ ಎಳನೀರಿನವನಿಗೆ ಅದೃಷ್ಟ ಚೆನ್ನಾಗಿದ್ದರೆ ನಾಲ್ಕು ಕಾಯಿ ಖರ್ಚಾದೀತು. ಇದರ ಪಕ್ಕದಲ್ಲಿ ಹಾಸನಾಂಬೆಯ ದರ್ಶನ ಇಟ್ಟು ನೋಡಿ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ಬಾಗಿಲು ತೆರೆಯುತ್ತದೆ. ಲಕ್ಷಾಂತರ ಜನ ಬರುತ್ತಾರೆ. ಹೂವಿನವರು, ಹೋಟೆಲಿನವರು, ಆಟೋದವರು, ಲಾಡ್ಜಿನವರು, ಚಪ್ಪಲಿ ಕಾಯುವ ಹುಡುಗರು, ಎಲ್ಲರ ಗಲ್ಲಾಪೆಟ್ಟಿಗೆಗೂ ಏನಾದರೂ ಬೀಳುತ್ತದೆ. ಹಾಸನದ ಪ್ರವಾಸೋದ್ಯಮ ಅಂದರೆ ಅದು. ಬಂದವರಲ್ಲಿ ಹೆಚ್ಚಿನವರು ಕೆಂಪು ಬಸ್ಸಿನಲ್ಲಿ, ಜನರಲ್ ಬೋಗಿಯಲ್ಲಿ ಬಂದವರು.

ಎರಡನೆಯದು, ಇದು ನಾಡಿನ ಪ್ರತಿಷ್ಠೆ, ಪ್ರತಿಷ್ಠೆಗೆ ಲಾಭ-ನಷ್ಟ ನೋಡಬಾರದು. ಈ ಮಾತನ್ನು ಹೇಳುವವರೇ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಏನು ಹೇಳಿದರು ನೆನಪಿದೆಯೇ? ಹೆಂಗಸರಿಗೆ ಬಸ್ಸು ಬಿಟ್ಟಿ ಕೊಟ್ಟು ಸಾರಿಗೆ ಸಂಸ್ಥೆ ಮುಳುಗಿಸುತ್ತಿದ್ದಾರೆ, ಇವರು ಮನೆ ಬಿಟ್ಟು ಊರೂರು ಸುತ್ತುತ್ತಿದ್ದಾರೆ ಎಂದು ಜೋಕುಗಳು ಹುಟ್ಟಿದವು. ಬಸ್ಸಿನ ಬಾಗಿಲಲ್ಲಿ ನುಗ್ಗಾಡುವ ಹೆಂಗಸರ ವಿಡಿಯೋಗಳನ್ನು ಟಿವಿಗಳು ಗಂಟೆಗಟ್ಟಲೆ ತಿರುಗಿಸಿದವು. ಹುಟ್ಟಿದಾಗಿನಿಂದ ಗದ್ದೆ, ಮನೆ, ತವರು ಇಷ್ಟೇ ನೋಡಿದ್ದ ಎಷ್ಟೋ ಅವ್ವಂದಿರು ಮೊದಲ ಸಲ ಧರ್ಮಸ್ಥಳ ನೋಡಿದ್ದು, ಬೇಲೂರಿನ ಗುಡಿಯ ಗೋಡೆ ಮುಟ್ಟಿ ನೋಡಿದ್ದು ಆ ವರ್ಷ. ನಾಡಿನವರು ನಾಡನ್ನು ನೋಡಲು ಹೊರಟರೆ ಅದು ದುಂದು. ನಾಲ್ಕು ಲಕ್ಷ ಕೊಟ್ಟವರು ನೋಡಲು ಹೊರಟರೆ ಅದು ಪರಂಪರೆ. ನಿಂತು ನಿಂತು ಕಾಲು ಊದಿಸಿಕೊಂಡು ಹಳೇಬೀಡಿಗೆ ಹೋಗಿಬಂದ ಹೆಂಗಸನ್ನು ನಾವು ಹೆರಿಟೇಜ್ ಟೂರಿಸ್ಟ್ ಅನ್ನುವುದಿಲ್ಲ. ಯಾಕೆ? ಅವಳು ಶಾಂತಲೆಯ ಊರಿನವಳೇ ಅಲ್ಲವೇ?

ಮೂರನೆಯದು, ಈಗ ಐಆರ್‌ಸಿಟಿಸಿ ನಡೆಸುತ್ತಿದೆ, ರಾಜ್ಯಕ್ಕೆ ಹೊರೆಯಿಲ್ಲ. ಹೊರೆಯಿಲ್ಲದಿದ್ದರೆ ಸಂತೋಷ. ಲೆಕ್ಕ ತೋರಿಸಿದರೆ ಇನ್ನೂ ಸಂತೋಷ. ಒಂದು ಸುತ್ತಿಗೆ ಎಷ್ಟು ಕೋಣೆ ತುಂಬಿದವು, ಹಳಿ ಮತ್ತು ಎಂಜಿನ್ನಿಗೆ ಎಷ್ಟು ಶುಲ್ಕ ಕಟ್ಟಿದರು, ನವೀಕರಣಕ್ಕೆ ಎಷ್ಟಾಯಿತು, ರಾಜ್ಯ ನಿಗಮದ ಪಾಲಿಗೆ ಬಂದದ್ದೆಷ್ಟು. ಹಾಲಿನ ಡೇರಿಯವರು ಕೂಡ ವರ್ಷಕ್ಕೊಮ್ಮೆ ಸಭೆ ಕರೆದು ಲೀಟರಿನ ಲೆಕ್ಕ ಹೇಳುತ್ತಾರೆ. ರಥದ ಲೆಕ್ಕವನ್ನೂ ಹಾಗೆ ಬಾಯಿಬಿಟ್ಟು ಹೇಳಲಿ.

ತೇರು ಅಂದರೇನು

ನಮ್ಮ ಊರುಗಳಲ್ಲಿ ರಥಕ್ಕೆ, ತೇರಿಗೆ ಒಂದು ಅರ್ಥವಿದೆ. ಗುಡಿಯ ಒಳಗೆ ಬರಲಾರದವರು, ಬರಲು ಬಿಡದವರು ಇರುತ್ತಾರೆಂದು ದೇವರೇ ವರ್ಷಕ್ಕೊಮ್ಮೆ ಬೀದಿಗೆ ಬರುತ್ತಾನೆ. ಹಗ್ಗ ಊರಿನವರ ಕೈಯಲ್ಲಿ. ಎಲ್ಲರೂ ಎಳೆದರೇ ತೇರು ಕದಲುವುದು. ಆ ಹಗ್ಗ ಮುಟ್ಟಲು ಕೆಲವರನ್ನು ಬಿಡದ ಊರುಗಳು ಇವತ್ತಿಗೂ ಇವೆ, ಅದು ನಮ್ಮ ನಾಚಿಕೆ. ಆದರೂ ತೇರಿನ ಕಲ್ಪನೆಯಲ್ಲಿ ದೇವರು ಜನರ ಕಡೆಗೆ ಬರುವುದೇ ಮುಖ್ಯ. ಪರದೆ ಎಳೆದುಕೊಂಡು ನಮ್ಮ ಊರಿನ ಮುಂದೆ ಹಾದು ಹೋಗುವ ಗಾಡಿಗೆ ರಥ ಎಂದು ಹೆಸರಿಟ್ಟರೆ ಆ ಪದಕ್ಕೇ ಅವಮಾನ.

ಆದ್ದರಿಂದ ನಾವು ಸುವರ್ಣ ರಥ ನಿಲ್ಲಿಸಿ ಎಂದು ಕೇಳುತ್ತಿಲ್ಲ. ಅದಕ್ಕೆ ಹಗ್ಗ ಕಟ್ಟಿ ಎಂದು ಕೇಳುತ್ತಿದ್ದೇವೆ. ಮಾಡಬಹುದಾದ ಕೆಲಸಗಳೇ ಇವೆ.

2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಸೇರಿಸಿದರು. ಗಾಜಿನ ಚಾವಣಿ, ತಿರುಗುವ ಕುರ್ಚಿ, 44 ಸೀಟು. ಟಿಕೆಟ್ ದುಬಾರಿಯೇ, ಆದರೆ ಮೇಷ್ಟರೊಬ್ಬರು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಘಟ್ಟ ತೋರಿಸಬಹುದಾದಷ್ಟು. ಆ ಒಂದು ಬೋಗಿ ಮಾಮೂಲಿ ರೈಲಿನ ಬಾಲಕ್ಕೆ ಅಂಟಿಕೊಂಡು ಹಾಸನದ ಮೇಲೇ ಹೋಗುತ್ತದೆ. ಹಾಗೇ ಮೈಸೂರು–ಹಾಸನ–ಅರಸೀಕೆರೆ ದಾರಿಯ ಮಾಮೂಲಿ ರೈಲಿಗೆ ಒಂದು ಪರಂಪರೆಯ ಬೋಗಿ ಯಾಕೆ ಇರಬಾರದು? ಗೋಡೆಯ ಮೇಲೆ ಹೊಯ್ಸಳ ಗುಡಿಗಳ ನಕ್ಷೆ, ಶಿಲ್ಪಿಗಳ ಹೆಸರು, ಹಳಿ ಕಟ್ಟಿದ ಕಥೆ, ಕನ್ನಡದಲ್ಲಿ. ಶಾಲಾ ಮಕ್ಕಳಿಗೆ ಅರ್ಧ ದರ.

ರೈಲಿನ ಸಮಯಕ್ಕೆ ಹೊಂದುವ ಬಸ್ಸು ಬೇಕು. ರೈಲಿಳಿದು ಗುಡಿ ಸೇರುವ ಕೊನೆಯ ಆರು-ಏಳು ಮೈಲಿಯೇ ನಮ್ಮ ಜಿಲ್ಲೆಯ ಪ್ರವಾಸಿಯನ್ನು ಸುಸ್ತು ಮಾಡುವುದು. ಹಾಸನದಿಂದ ಹೊರಟು ಶಾಂತಿಗ್ರಾಮ, ಕೋರವಂಗಲ, ದೊಡ್ಡಗದ್ದವಳ್ಳಿ, ಮೊಸಳೆ ಮುಟ್ಟಿ ಬರುವ ಒಂದು ಸುತ್ತು ಬಸ್ಸಿಗೆ ಎಷ್ಟು ಖರ್ಚಾದೀತು? ಒಂದು ಸ್ಪಾ ಬೋಗಿಯ ಅಲಂಕಾರಕ್ಕಿಂತ ಕಡಿಮೆಯೇ ಇರಬೇಕು. ಆಯಾ ಊರಿನ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಡಿ. ಪದವಿ ಮುಗಿಸಿ ಬೆಂಗಳೂರಿನ ಗಾರ್ಮೆಂಟ್ಸ್‌ಗೂ ಡೆಲಿವರಿ ಬೈಕಿಗೂ ಹೋಗುತ್ತಿರುವವರಲ್ಲಿ ಇತಿಹಾಸ ಓದಿದವರು ಬೇಕಾದಷ್ಟಿದ್ದಾರೆ.

ಸುವರ್ಣ ರಥದವರೂ ಒಂದು ಹೊತ್ತಿನ ಊಟವನ್ನಾದರೂ ಹಳಿಯಿಂದ ಹೊರಗೆ ಮಾಡಲಿ. ನಮ್ಮ ಸ್ತ್ರೀಶಕ್ತಿ ಸಂಘದವರು ಮುದ್ದೆ, ಅವರೆಕಾಳು ಸಾರು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸುತ್ತಾರೆ. ‘ನಳ’ನ ಅಡುಗೆಗಿಂತ ಕಡಿಮೆಯಿರುವುದಿಲ್ಲ, ಭರವಸೆ ನಮ್ಮದು.

ಮತ್ತು ಎಲ್ಲಕ್ಕಿಂತ ಮೊದಲು, ಬೆಳಿಗ್ಗೆ ಕಾಲೇಜಿಗೆ, ಕೆಲಸಕ್ಕೆ ಹೋಗುವವರ ರೈಲಿಗೆ ಇನ್ನೆರಡು ಜನರಲ್ ಬೋಗಿ. ಸಣ್ಣ ನಿಲ್ದಾಣಗಳಲ್ಲಿ ಕುಡಿಯುವ ನೀರು, ಹೆಂಗಸರಿಗೆ ಬೀಗ ಹಾಕದ ಶೌಚಾಲಯ, ಮಳೆಗೆ ನೆರಳು. ಬೇಲೂರಿನ ಹಳಿಗೆ ಒಂದು ಕೊನೆಯ ತಾರೀಖು. ಅರಕಲಗೂಡಿನ ಹೆಸರು ಒಂದು ಸಮೀಕ್ಷೆಯಲ್ಲಾದರೂ.

ಕೊನೆಯ ಮಾತು ನಮ್ಮ ಕಸುಬಿನವರಿಗೆ. ಮುಂದಿನ ಸಲ ಸುವರ್ಣ ರಥದ ಪ್ರಕಟಣೆ ನಿಮ್ಮ ಮೇಜಿಗೆ ಬಂದಾಗ, ಸ್ಪಾದ ಚಿತ್ರ ಹಾಕುವ ಮುಂಚೆ ಫೋನೆತ್ತಿ ನಾಲ್ಕು ಪ್ರಶ್ನೆ ಕೇಳಿ. ಕಳೆದ ಸುತ್ತಿನಲ್ಲಿ ಎಷ್ಟು ಜನ ಬಂದರು? ಖರ್ಚೆಷ್ಟು, ಬಂದದ್ದೆಷ್ಟು? ನಮ್ಮ ಜಿಲ್ಲೆಯಲ್ಲಿ ಉಳಿದದ್ದೆಷ್ಟು? ಅದೇ ಹಳಿಯ ಮೇಲಿನ ಮಾಮೂಲಿ ರೈಲಿಗೆ ಈ ವರ್ಷ ಏನು ಮಾಡಿದಿರಿ? ಉತ್ತರ ಬಂದರೆ ಅದೇ ಸುದ್ದಿ. ಬರದಿದ್ದರೆ ಅದೂ ಸುದ್ದಿ.

ರಥ ಓಡಲಿ. ಅದರ ಹಿಂದೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ನಮ್ಮ ಊರಿನ ಹೆಂಗಸೊಬ್ಬಳು ಕೂತು ಬರುವಷ್ಟು ಜಾಗ ಆದ ದಿನ, ಶಾಂತಿಗ್ರಾಮದಲ್ಲಿ ನಾವೇ ಸುವರ್ಣ ರಥಕ್ಕೆ ಆರತಿ ಎತ್ತುತ್ತೇವೆ.